‘ನೆಕ್ ಅಂಡ್ ನೆಕ್’: ನಿಕಟ ಪೈಪೋಟಿಯ ನುಡಿಗಟ್ಟು – ಅರ್ಥ, ಬಳಕೆ ಮತ್ತು ಬೋಧನಾಕ್ರಮ

ಪೀಠಿಕೆ

ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವೊಂದರಲ್ಲಿ ಓಟದ ಪಂದ್ಯದ ವರ್ಣನೆ ಬಂದಿತ್ತು. ಕೊನೆಯ ಸುತ್ತಿನಲ್ಲಿ ಇಬ್ಬರು ಓಟಗಾರರು ‘ನೆಕ್ ಅಂಡ್ ನೆಕ್’ ಓಡುತ್ತಿದ್ದರು ಎಂಬುದು ಅಲ್ಲಿನ ಮಾತು. ಆ ವಾಕ್ಯವನ್ನು ಕನ್ನಡದಲ್ಲಿ ಬರೆಯಿರೆಂದು ಹೇಳಿದಾಗ ವಿದ್ಯಾರ್ಥಿಯೊಬ್ಬ ‘ಇಬ್ಬರೂ ಕುತ್ತಿಗೆ ಕುತ್ತಿಗೆ ಹಿಡಿದುಕೊಂಡು ಓಡಿದರು’ ಎಂದು ಬರೆದ. ವಿದ್ಯಾರ್ಥಿನಿಯೊಬ್ಬಳು ‘ಓಟವು ಇಬ್ಬರ ಕುತ್ತಿಗೆಗೂ ಬಂದಿತ್ತು’ ಎಂದು ಬರೆದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ದಿನ ಸಂಜೆ ಉತ್ತರ ಪುಸ್ತಕಗಳನ್ನು ಮತ್ತೆ ನೋಡುವಾಗ ನಗಬಾರದಿತ್ತು ಎನ್ನಿಸಿತು. ಮೊದಲನೆಯವನಿಗೆ ಆ ಮೂರು ಪದಗಳ ಅರ್ಥವೂ ಸರಿಯಾಗಿ ಗೊತ್ತಿತ್ತು. ಎರಡನೆಯವಳು ಅವನಿಗಿಂತ ಒಂದು ಹೆಜ್ಜೆ ಮುಂದಿದ್ದಳು: ಇದು ನುಡಿಗಟ್ಟು, ಪದಶಃ ಅರ್ಥ ಮಾಡಬಾರದು ಎಂದು ಅರಿತು, ಕುತ್ತಿಗೆಯನ್ನು ಕುರಿತು ಕನ್ನಡದಲ್ಲಿರುವ ನುಡಿಗಟ್ಟೊಂದನ್ನು ಹುಡುಕಿ ತಂದಿದ್ದಳು. ತಪ್ಪು ಮಕ್ಕಳದಾಗಿರಲಿಲ್ಲ. ನುಡಿಗಟ್ಟಿನ ಹಿಂದಿರುವ ಚಿತ್ರವನ್ನು ನಾನು ತೋರಿಸಿರಲಿಲ್ಲ.

ಗಡಿನಾಡಿನ ಕನ್ನಡ ಮಾಧ್ಯಮದ ಮಗುವಿನ ಮುಂದೆ ಸಾಮಾನ್ಯವಾಗಿ ಮೂರು ನಾಲ್ಕು ಭಾಷೆಗಳಿರುತ್ತವೆ. ಓದುವುದು ಕನ್ನಡದಲ್ಲಿ; ಬೀದಿಯಲ್ಲಿ, ಕಚೇರಿಯಲ್ಲಿ ಕೇಳುವುದು ರಾಜ್ಯಭಾಷೆ; ಮನೆಯಲ್ಲಿ ಆಡುವುದು ಕೆಲವೆಡೆ ತುಳು, ಬಡಗ ಅಥವಾ ಮರಾಠಿ; ಪರೀಕ್ಷೆಯಲ್ಲಿ ಎದುರಿಸಬೇಕಾದದ್ದು ಇಂಗ್ಲಿಷ್. ಇಂಥ ಮಗುವಿಗೆ ನುಡಿಗಟ್ಟನ್ನು ಬಾಯಿಪಾಠ ಮಾಡಿಸಿದರೆ ಅದು ಮತ್ತೊಂದು ಹೊರೆಯಾಗುತ್ತದೆ. ಚಿತ್ರವನ್ನು ತೋರಿಸಿ ಕಲಿಸಿದರೆ ಅದೇ ಮಗು ತನಗೆ ಗೊತ್ತಿರುವ ಎಲ್ಲ ಭಾಷೆಗಳನ್ನೂ ಸಹಾಯಕ್ಕೆ ಕರೆಯುತ್ತದೆ. ಈ ಪಾಠವು ಒಂದೇ ನುಡಿಗಟ್ಟನ್ನು ಎತ್ತಿಕೊಂಡು ಆ ಕ್ರಮವನ್ನು ವಿವರಿಸುತ್ತದೆ.

ಕಲಿಕೆಯ ಉದ್ದೇಶಗಳು

ಈ ಪಾಠ ಮುಗಿದಾಗ ವಿದ್ಯಾರ್ಥಿಗಳು:
1. ‘ನೆಕ್ ಅಂಡ್ ನೆಕ್’ ಎಂಬ ನುಡಿಗಟ್ಟು ಯಾವ ದೃಶ್ಯದಿಂದ ಹುಟ್ಟಿತೆಂಬುದನ್ನು ಹೇಳಬಲ್ಲರು.
2. ಪಂದ್ಯ ನಡೆಯುತ್ತಿರುವ ಸ್ಥಿತಿಗೂ ಪಂದ್ಯದ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿ, ಎಲ್ಲಿ ಈ ನುಡಿಗಟ್ಟು ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ತೀರ್ಮಾನಿಸಬಲ್ಲರು.
3. ಸಂದರ್ಭಕ್ಕೆ ತಕ್ಕ ಕನ್ನಡ ಮಾತನ್ನು ಆರಿಸಬಲ್ಲರು.

ನುಡಿಗಟ್ಟಿನ ಮೂಲ

ಈ ಮಾತು ಕುದುರೆ ಪಂದ್ಯದ ಮೈದಾನದ್ದು. ಎರಡು ಕುದುರೆಗಳು ಸಮನಾಗಿ ಓಡುವಾಗ ಪಕ್ಕದಲ್ಲಿ ನಿಂತು ನೋಡುವವನಿಗೆ ಕಾಣುವುದು ಮುಂದಕ್ಕೆ ಚಾಚಿದ ಎರಡು ಕತ್ತುಗಳು. ಒಂದು ಕತ್ತಿನ ಪಕ್ಕದಲ್ಲಿ ಇನ್ನೊಂದು ಕತ್ತು. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲಾಗದು. ‘ಒಂದು ಕತ್ತು ಮತ್ತು ಇನ್ನೊಂದು ಕತ್ತು’ ಎಂಬ ಈ ನೋಟವೇ ನುಡಿಗಟ್ಟಾಯಿತು. ಇಲ್ಲಿ ಒಬ್ಬರು ಇನ್ನೊಬ್ಬರ ಕತ್ತನ್ನು ಹಿಡಿಯುವ ಮಾತಿಲ್ಲ, ಕತ್ತಿಗೆ ಬಂದ ಕುತ್ತಿನ ಮಾತೂ ಇಲ್ಲ. ಕತ್ತು ಇಲ್ಲಿ ಕೇವಲ ಅಳತೆಯ ಗುರುತು.

ಕತ್ತು ಅಳತೆಯ ಗುರುತಾದದ್ದು ಹೇಗೆಂಬುದನ್ನೂ ಮಕ್ಕಳಿಗೆ ತಿಳಿಸುವುದು ಒಳ್ಳೆಯದು. ಇಂಗ್ಲೆಂಡಿನ ಕುದುರೆ ಪಂದ್ಯಗಳಲ್ಲಿ ಗೆಲುವಿನ ಅಂತರವನ್ನು ಕುದುರೆಯ ಶರೀರದ ಅಳತೆಯಲ್ಲಿಯೇ ಹೇಳುವ ರೂಢಿಯಿದೆ. ಅತಿ ಸಣ್ಣ ಅಂತರಕ್ಕೆ ‘ಮೂಗು’, ಅದಕ್ಕಿಂತ ಹೆಚ್ಚಿನದಕ್ಕೆ ‘ಗಿಡ್ಡ ತಲೆ’, ‘ತಲೆ’, ಅನಂತರ ‘ಕತ್ತು’, ಆಮೇಲೆ ‘ಅರ್ಧ ಉದ್ದ’, ‘ಒಂದು ಉದ್ದ’. ಒಂದು ಉದ್ದವೆಂದರೆ ಮೂಗಿನಿಂದ ಬಾಲದ ಬುಡದವರೆಗೆ ಕುದುರೆಯ ನೀಳ, ಸುಮಾರು 8 ಅಡಿ. ನಮ್ಮ ಹಿರಿಯರು ಮೊಳ, ಗೇಣು, ಬೆರಳುಗಳಲ್ಲಿ ಅಳೆದಂತೆಯೇ ಇದು. ಅಳೆಯುವ ವಸ್ತುವಿನ ಬಳಿಯಲ್ಲಿಯೇ ಇರುವ ಅಂಗವು ಅಳತೆಗೋಲಾಗುತ್ತದೆ.

ಇಲ್ಲಿ ಶಿಕ್ಷಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಬೈ ಎ ನೆಕ್’ ಗೆದ್ದಿತು ಎಂದರೆ ಒಂದು ಕತ್ತಿನಷ್ಟು ಅಂತರದಿಂದ ಗೆದ್ದಿತು ಎಂದರ್ಥ; ಅಲ್ಲಿ ಅಂತರವಿದೆ, ಗೆಲುವೂ ಇದೆ. ‘ನೆಕ್ ಅಂಡ್ ನೆಕ್’ ಎಂದರೆ ಅಂತರವೇ ಕಾಣುತ್ತಿಲ್ಲ, ಗೆಲುವು ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಒಂದೇ ಮೈದಾನದಲ್ಲಿ ಹುಟ್ಟಿದ, ಒಂದೇ ಅಂಗವನ್ನು ಹೆಸರಿಸುವ ಈ ಎರಡು ಮಾತುಗಳ ಅರ್ಥ ಬೇರೆ ಬೇರೆ.

ಮುಖ್ಯ ಅಂಶ: ಇದು ನಡೆಯುತ್ತಿರುವ ಪಂದ್ಯದ ಮಾತು

ಈ ಪಾಠದಲ್ಲಿ ಒಂದೇ ಒಂದು ವಿಷಯವನ್ನು ಕಲಿಸಲು ಸಮಯವಿದ್ದರೆ ಇದನ್ನು ಕಲಿಸಬೇಕು: ‘ನೆಕ್ ಅಂಡ್ ನೆಕ್’ ಎನ್ನುವುದು ಮುಖ್ಯವಾಗಿ ಪಂದ್ಯದ ನಡುವಿನ ಸ್ಥಿತಿಯನ್ನು ಹೇಳುತ್ತದೆ, ಗೆಲುವನ್ನು ಹೇಳುವುದಿಲ್ಲ. ಈ ನುಡಿಗಟ್ಟನ್ನು ಬಳಸಲು ಮೂರು ಸಂಗತಿಗಳು ಕೂಡಿಬರಬೇಕು.

ಮೊದಲನೆಯದಾಗಿ, ಕನಿಷ್ಠ ಇಬ್ಬರು ಇರಬೇಕು. ‘ಅವನು ನೆಕ್ ಅಂಡ್ ನೆಕ್ ಓಡಿದ’ ಎಂದಷ್ಟೇ ಹೇಳಿದರೆ ಮಾತು ಅಪೂರ್ಣ; ಯಾರೊಡನೆ ಎಂಬುದು ಬರಲೇಬೇಕು. ಎರಡನೆಯದಾಗಿ, ಅವರ ನಡುವೆ ಸ್ಪರ್ಧೆ ಇರಬೇಕು. ಇಬ್ಬರ ಎತ್ತರ ಒಂದೇ ಆಗಿದೆ, ಎರಡು ಮನೆಗಳ ಬಾಡಿಗೆ ಒಂದೇ ಆಗಿದೆ ಎಂಬಲ್ಲಿ ಸಮಾನತೆ ಇದೆ, ಪೈಪೋಟಿ ಇಲ್ಲ. ಮೂರನೆಯದಾಗಿ, ಫಲಿತಾಂಶ ಇನ್ನೂ ಅನಿಶ್ಚಿತವಾಗಿರಬೇಕು, ಅಥವಾ ಅದು ಅನಿಶ್ಚಿತವಾಗಿದ್ದ ಗಳಿಗೆಯನ್ನು ನಾವು ವರ್ಣಿಸುತ್ತಿರಬೇಕು. ‘ಅವರು ನೆಕ್ ಅಂಡ್ ನೆಕ್ ಗೆದ್ದರು’ ಎಂಬುದು ಆದ್ದರಿಂದಲೇ ಒಪ್ಪದ ಮಾತು.

ಮಕ್ಕಳಿಗೆ ಪರಿಚಿತವಾದ ನಿದರ್ಶನಗಳಿಂದ ಇದನ್ನು ಸ್ಪಷ್ಟಪಡಿಸಬಹುದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಅಂತಿಮ ಓಟದಲ್ಲಿ ಕೇರಳದ ಪಿ. ಟಿ. ಉಷಾ ಅವರು 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಅವರ ಕಾಲ 55.41 ಸೆಕೆಂಡು. ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕ ಕೈತಪ್ಪಿತು. ಗೆರೆಯ ಸಮೀಪಕ್ಕೆ ಬರುತ್ತಿದ್ದಾಗ ಅವರಿಬ್ಬರ ನಡುವೆ ಇದ್ದದ್ದು ‘ನೆಕ್ ಅಂಡ್ ನೆಕ್’ ಸ್ಥಿತಿ. ಗೆರೆ ದಾಟಿದ ಮೇಲೆ ಆ ಮಾತು ಸಲ್ಲದು. ಆಗ ನಾವು ಹೇಳುವುದು, ‘ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿತು’ ಎಂದು. ಒಂದೇ ಓಟ, ಗೆರೆಗೆ ಮೊದಲು ಒಂದು ಮಾತು, ಗೆರೆಯ ನಂತರ ಇನ್ನೊಂದು ಮಾತು.

ಚುನಾವಣೆಗೂ ಇದೇ ನಿಯಮ. 2016ರಲ್ಲಿ ಕೇರಳದ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು 89 ಮತಗಳಿಂದ. 2004ರಲ್ಲಿ ತಾಳವಾಡಿಯ ನೆರೆಯ ಚಾಮರಾಜನಗರ ಜಿಲ್ಲೆಯಲ್ಲಿ ಆಗ ಇದ್ದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತಗಳು, ಸೋತವರಿಗೆ 40,751 ಮತಗಳು; ಅಂತರ ಒಂದೇ ಒಂದು ಮತ. ಮತ ಎಣಿಕೆ ನಡೆಯುತ್ತಿರುವಾಗ ಇಂಥ ಪೈಪೋಟಿಯನ್ನು ‘ನೆಕ್ ಅಂಡ್ ನೆಕ್’ ಎನ್ನಬಹುದು. ಫಲಿತಾಂಶ ಘೋಷಣೆಯಾದ ಬಳಿಕ ಒಂದು ಮತದ ಗೆಲುವೂ ಗೆಲುವೇ. ಆಗ ಅದನ್ನು ಅಂತರದ ಮಾತಿನಲ್ಲಿಯೇ ಹೇಳಬೇಕು.

ವ್ಯಾಕರಣ ಮತ್ತು ರೂಪ

ಇಂಗ್ಲಿಷ್ ವಾಕ್ಯದಲ್ಲಿ ಈ ನುಡಿಗಟ್ಟು ಎರಡು ಬಗೆಯಲ್ಲಿ ಬರುತ್ತದೆ. ಕ್ರಿಯಾಪದದ ನಂತರ ಬಂದಾಗ ಮೂರು ಪದಗಳನ್ನೂ ಬಿಡಿಯಾಗಿ ಬರೆಯಬೇಕು: ‘ದ ಟೂ ಟೀಮ್ಸ್ ಆರ್ ನೆಕ್ ಅಂಡ್ ನೆಕ್’. ನಾಮಪದದ ಮುಂದೆ ವಿಶೇಷಣವಾಗಿ ಬಂದಾಗ ಪದಗಳ ನಡುವೆ ಅಡ್ಡಗೆರೆ ಹಾಕಬೇಕು: ‘ಎ ನೆಕ್-ಅಂಡ್-ನೆಕ್ ರೇಸ್’. ಒಬ್ಬರನ್ನು ಕರ್ತೃವನ್ನಾಗಿ ಮಾಡಿ ಹೇಳುವಾಗ ‘ವಿತ್’ ಎಂಬ ಪದದೊಡನೆ ಇನ್ನೊಬ್ಬರನ್ನು ಸೇರಿಸಬೇಕು: ‘ಶೀ ಈಸ್ ನೆಕ್ ಅಂಡ್ ನೆಕ್ ವಿತ್ ಹರ್ ಕ್ಲಾಸ್‌ಮೇಟ್’.

ನಮ್ಮ ದೇಶದ ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ‘ನೆಕ್ ಟು ನೆಕ್’ ಎಂಬ ರೂಪ ಧಾರಾಳವಾಗಿ ಕಾಣುತ್ತದೆ. ಚುನಾವಣೆಯ ದಿನಗಳಲ್ಲಿ ಕನ್ನಡ ವಾಹಿನಿಗಳ ಪರದೆಯ ಮೇಲೆ ‘ನೆಕ್ ಟು ನೆಕ್ ಫೈಟ್’ ಎಂಬ ಶೀರ್ಷಿಕೆಯನ್ನು ನೋಡದವರು ವಿರಳ. ಪ್ರಮಾಣಿತ ನಿಘಂಟುಗಳು ಕೊಡುವ ರೂಪ ‘ನೆಕ್ ಅಂಡ್ ನೆಕ್’. ‘ಫೇಸ್ ಟು ಫೇಸ್’, ‘ಶೋಲ್ಡರ್ ಟು ಶೋಲ್ಡರ್’ ಎಂಬ ಇಂಗ್ಲಿಷ್ ಮಾತುಗಳ ಸಾಮ್ಯವೂ ‘ಹೆಗಲಿಗೆ ಹೆಗಲು’ ಎಂಬಂಥ ನಮ್ಮ ಭಾಷೆಗಳ ಜೋಡಣೆಯ ರೂಢಿಯೂ ಸೇರಿ ಈ ರೂಪವನ್ನು ಬೆಳೆಸಿರಬಹುದು. ಪರೀಕ್ಷೆಯಲ್ಲಿ ಬರೆಯುವ ಮಗುವಿಗೆ ಪ್ರಮಾಣಿತ ರೂಪವನ್ನೇ ಅಭ್ಯಾಸ ಮಾಡಿಸಬೇಕು. ಆದರೆ ವಾಹಿನಿಯಲ್ಲಿ ಕೇಳಿದ್ದನ್ನು ಬರೆದ ಮಗುವನ್ನು ಅಜ್ಞಾನಿಯೆಂದು ಹಳಿಯಬಾರದು. ಅದು ಕೇಳಿಸಿಕೊಂಡದ್ದನ್ನು ನೆನಪಿಟ್ಟುಕೊಂಡಿದೆ. ತಿದ್ದುವುದು ನಮ್ಮ ಕೆಲಸ.

ಒಂದೇ ಕುಟುಂಬದ ಇತರ ನುಡಿಗಟ್ಟುಗಳು

ಈ ನುಡಿಗಟ್ಟನ್ನು ಒಂಟಿಯಾಗಿ ಕಲಿಸುವುದಕ್ಕಿಂತ ಅದರ ಒಡಹುಟ್ಟುಗಳೊಡನೆ ಕಲಿಸಿದರೆ ಅರ್ಥದ ಎಲ್ಲೆಗಳು ಸ್ಪಷ್ಟವಾಗುತ್ತವೆ.

‘ಡೆಡ್ ಹೀಟ್’: ಇಬ್ಬರೂ ಒಂದೇ ಗಳಿಗೆಯಲ್ಲಿ ಗುರಿ ಮುಟ್ಟಿ, ಗೆದ್ದವರು ಯಾರೆಂದು ಹೇಳಲಾಗದ ಫಲಿತಾಂಶ. ಇಲ್ಲಿ ‘ಹೀಟ್’ ಎಂದರೆ ಶಾಖವಲ್ಲ, ಪಂದ್ಯದ ಒಂದು ಸುತ್ತಿನ ಓಟ. 1828ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಪಂದ್ಯದಲ್ಲಿ ಕ್ಯಾಡ್‌ಲ್ಯಾಂಡ್ ಮತ್ತು ದ ಕರ್ನಲ್ ಎಂಬ ಎರಡು ಕುದುರೆಗಳು ಹೀಗೆ ಸಮನಾದಾಗ ಅವೆರಡನ್ನೇ ಮತ್ತೊಮ್ಮೆ ಓಡಿಸಲಾಯಿತು, ಕ್ಯಾಡ್‌ಲ್ಯಾಂಡ್ ಗೆದ್ದಿತು. 1884ರಲ್ಲಿ ಅದೇ ಪಂದ್ಯ ಮತ್ತೆ ಸಮನಾದಾಗ ಮರುಓಟವಿಲ್ಲದೆ ಬಹುಮಾನವನ್ನು ಹಂಚಿಕೊಳ್ಳಲಾಯಿತು.

‘ಫೋಟೋ ಫಿನಿಶ್’: ಕಣ್ಣಿಗೆ ಅಂತರ ಕಾಣದೆ, ಗೆರೆಯ ಬಳಿಯ ಕ್ಯಾಮೆರಾದ ಚಿತ್ರ ನೋಡಿ ತೀರ್ಮಾನಿಸಬೇಕಾದ ಮುಕ್ತಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಓಟದಲ್ಲಿ ಅಮೆರಿಕದ ನೋವಾ ಲೈಲ್ಸ್ ಮತ್ತು ಜಮೈಕಾದ ಕಿಶೇನ್ ಥಾಂಪ್ಸನ್ ಇಬ್ಬರ ಕಾಲವೂ 9.79 ಸೆಕೆಂಡು. ಸಾವಿರದ ಲೆಕ್ಕದಲ್ಲಿ ನೋಡಿದಾಗ ಲೈಲ್ಸ್ 9.784, ಥಾಂಪ್ಸನ್ 9.789.

‘ಡೌನ್ ಟು ದ ವೈರ್’: ಕೊನೆಯ ಗಳಿಗೆಯವರೆಗೂ ಫಲಿತಾಂಶ ತೀರ್ಮಾನವಾಗದ ಸ್ಥಿತಿ. ಅಮೆರಿಕದ ಪಂದ್ಯದ ಮೈದಾನಗಳಲ್ಲಿ ಮುಕ್ತಾಯದ ಗೆರೆಯ ಮೇಲ್ಗಡೆ ತಂತಿಯನ್ನು ಕಟ್ಟುತ್ತಿದ್ದುದರಿಂದ ಬಂದ ಮಾತು.

‘ಹ್ಯಾಂಡ್ಸ್ ಡೌನ್’: ಇದು ವಿರುದ್ಧಾರ್ಥದ ಮಾತು, ಆದರೆ ಹುಟ್ಟಿದ್ದು ಅದೇ ಮೈದಾನದಲ್ಲಿ. ಎದುರಾಳಿಗಳನ್ನು ಬಹಳ ಹಿಂದೆ ಹಾಕಿದ ಸವಾರನು ಕುದುರೆಯನ್ನು ಹುರಿದುಂಬಿಸುವ ಅಗತ್ಯವಿಲ್ಲದೆ, ಲಗಾಮು ಸಡಿಲಿಸಿ ಕೈ ಇಳಿಬಿಟ್ಟು ಗೆಲ್ಲುವುದು. ಕನ್ನಡದಲ್ಲಿ ‘ನಿರಾಯಾಸವಾಗಿ ಗೆದ್ದ’ ಎನ್ನುತ್ತೇವೆ.

‘ಕಟ್-ಥ್ರೋಟ್ ಕಾಂಪಿಟಿಷನ್’: ಇದೂ ಪೈಪೋಟಿಯ ಮಾತೇ, ಇಲ್ಲಿಯೂ ಗಂಟಲಿದೆ. ಆದರೆ ಅರ್ಥ ಬೇರೆ: ದಯೆ ದಾಕ್ಷಿಣ್ಯವಿಲ್ಲದ ಸ್ಪರ್ಧೆ. ಅದು ನಿಕಟವಾಗಿರಬೇಕೆಂದೇನೂ ಇಲ್ಲ. ‘ನೆಕ್ ಅಂಡ್ ನೆಕ್’ ಪೈಪೋಟಿಯಲ್ಲಿ ಕ್ರೌರ್ಯದ ಸೂಚನೆಯಿಲ್ಲ. ಅತ್ಯಂತ ಸ್ನೇಹದಿಂದ ಓಡುವ ಗೆಳತಿಯರೂ ಹಾಗೆ ಓಡಬಹುದು. ಮಕ್ಕಳು ಈ ಎರಡನ್ನೂ ಬೆರೆಸುವುದೇ ಹೆಚ್ಚು.

ಕನ್ನಡದಲ್ಲಿ ಏನೆಂದು ಹೇಳಬೇಕು?

ಕನ್ನಡದಲ್ಲಿ ಕತ್ತು, ಕುತ್ತಿಗೆ, ಕೊರಳು ಎಂಬ ಪದಗಳು ಬೇರೆಯೇ ಭಾವಗಳನ್ನು ಹೊತ್ತಿವೆ. ‘ಕುತ್ತಿಗೆಗೆ ಬಂತು’ ಎಂದರೆ ಸಂಕಟ. ‘ಕುತ್ತಿಗೆ ಕೊಯ್ದ’ ಎಂದರೆ ದ್ರೋಹ. ‘ಕೊರಳೊಡ್ಡಿದ’ ಎಂದರೆ ಶರಣಾಗತಿ ಅಥವಾ ತ್ಯಾಗ. ‘ಕೊರಳು’ ಎಂಬುದಕ್ಕೆ ದನಿ ಎಂಬ ಅರ್ಥವೂ ಇರುವುದರಿಂದ ‘ಕೊರಳಿಗೆ ಕೊರಳು ಸೇರಿಸಿದರು’ ಎಂದು ಬರೆದರೆ ಓದುವವರು ಇಬ್ಬರೂ ಕೂಡಿ ಹಾಡಿದರೆಂದು ತಿಳಿದಾರು. ಆದ್ದರಿಂದ ಅಂಗವನ್ನು ಅನುವಾದಿಸಬಾರದು, ಸ್ಥಿತಿಯನ್ನು ಅನುವಾದಿಸಬೇಕು.

ಹಾಗೆ ಮಾಡಹೊರಟಾಗ ಕನ್ನಡದಲ್ಲಿ ಒಂದಲ್ಲ, ಹಲವು ಮಾತುಗಳಿವೆ ಎಂಬುದು ಕಾಣುತ್ತದೆ. ಅವು ಸಮಾನಾರ್ಥಕಗಳಲ್ಲ, ಒಂದೊಂದೂ ಪಂದ್ಯದ ಒಂದೊಂದು ಮುಖವನ್ನು ಹೇಳುತ್ತದೆ.

‘ಸಮಬಲದ ಹೋರಾಟ’ ಎಂಬುದು ಇಬ್ಬರ ಶಕ್ತಿ ಸಮನಾಗಿದೆ ಎನ್ನುತ್ತದೆ. ‘ನಿಕಟ ಪೈಪೋಟಿ’ ಎಂಬುದು ಅಂತರ ಕಿರಿದಾಗಿದೆ ಎನ್ನುತ್ತದೆ. ‘ನೆಕ್ ಅಂಡ್ ನೆಕ್’ಗೆ ಹೆಚ್ಚು ಹತ್ತಿರವಾದವು ಇವೆರಡೇ. ಓಟದ ದೃಶ್ಯವನ್ನೇ ವರ್ಣಿಸುವಾಗ ‘ಸರಿಸಮನಾಗಿ ಓಡುತ್ತಿದ್ದರು’, ‘ಒಬ್ಬರಿಗೊಬ್ಬರು ಬಿಟ್ಟುಕೊಡದೆ ಓಡುತ್ತಿದ್ದರು’ ಎಂದರೆ ಸಾಕು, ಅಲಂಕಾರದ ಅಗತ್ಯವಿಲ್ಲ. ‘ತುರುಸಿನ ಸ್ಪರ್ಧೆ’ ಎಂಬುದು ಸ್ಪರ್ಧೆಯ ಬಿರುಸನ್ನು ಹೇಳುತ್ತದೆ. ಹತ್ತು ಮಂದಿಯ ನಡುವೆಯೂ ತುರುಸಿನ ಸ್ಪರ್ಧೆ ನಡೆದೀತು. ‘ಜಿದ್ದಾಜಿದ್ದಿ’ ಎಂಬುದು ಸ್ಪರ್ಧಿಗಳ ಮನಸ್ಸಿನ ಹಟವನ್ನು ಹೇಳುತ್ತದೆ; ಜಿದ್ದಿಗೆ ಬಿದ್ದವನು ಬಹಳ ಹಿಂದೆ ಉಳಿದಿರಲೂಬಹುದು. ‘ಹಣಾಹಣಿ’ ಎಂಬುದು ನೇರ ಮುಖಾಮುಖಿ ಹೋರಾಟವನ್ನು ಹೇಳುತ್ತದೆ. ‘ನಾ ಮುಂದು ತಾ ಮುಂದು’ ಎಂಬುದು ಮುನ್ನುಗ್ಗುವ ಆತುರದ ಮಾತು. ಸಮಬಲದ ಸೂಚನೆ ಅದರಲ್ಲಿಲ್ಲ. ‘ಕೂದಲೆಳೆಯ ಅಂತರ’ ಎಂಬುದು ಮುಗಿದ ಪಂದ್ಯದ ಮಾತು. ‘ಹೆಗಲಿಗೆ ಹೆಗಲು ಕೊಟ್ಟು’ ಎಂಬುದು ಸ್ಪರ್ಧೆಯದೇ ಅಲ್ಲ, ಸಹಕಾರದ್ದು. ಇಬ್ಬರು ಅಕ್ಕಪಕ್ಕದಲ್ಲಿರುವ ಚಿತ್ರ ಎರಡರಲ್ಲಿಯೂ ಇರುವುದರಿಂದ ಮಕ್ಕಳು ಇದನ್ನು ‘ನೆಕ್ ಅಂಡ್ ನೆಕ್’ಗೆ ಬರೆಯುವ ಸಂಭವ ಹೆಚ್ಚು, ವಿಶೇಷ ಗಮನ ಬೇಕು.

ಇಷ್ಟು ಮಾತುಗಳಿರುವಾಗ ನಮ್ಮ ಮಕ್ಕಳು ‘ನೆಕ್ ಟು ನೆಕ್ ಫೈಟ್’ ಎಂದೇ ಕನ್ನಡ ಪ್ರಬಂಧದಲ್ಲಿ ಬರೆಯುತ್ತಿದ್ದಾರೆಂದರೆ ಕೊರತೆ ಭಾಷೆಯದಲ್ಲ. ಗಡಿಯಾಚೆಯ ಊರುಗಳಲ್ಲಿ ಮಗುವಿಗೆ ಶಿಷ್ಟ ಕನ್ನಡ ಕಿವಿಗೆ ಬೀಳುವ ಸ್ಥಳ ಬಹುಮಟ್ಟಿಗೆ ತರಗತಿಯೊಂದೇ. ಅಲ್ಲಿ ಕೇಳದ ಮಾತನ್ನು ಅದು ಬೇರೆಲ್ಲಿಯೂ ಕೇಳಲಾರದು. ಇಂಗ್ಲಿಷ್ ನುಡಿಗಟ್ಟಿನ ಪಾಠವೇ ಕನ್ನಡ ಶಬ್ದಸಂಪತ್ತಿನ ಪಾಠವೂ ಆಗಬೇಕೆಂಬುದು ಈ ಕಾರಣದಿಂದ.

ನೆರೆಭಾಷೆಗಳ ನೆರವು

ಮಗುವಿಗೆ ಗೊತ್ತಿರುವ ರಾಜ್ಯಭಾಷೆಯನ್ನು ಈ ಪಾಠದಲ್ಲಿ ದೂರವಿಡಬೇಕಾಗಿಲ್ಲ. ಇದೇ ಸ್ಥಿತಿಯನ್ನು ಒಂದೊಂದು ಭಾಷೆಯೂ ತನ್ನದೇ ಚಿತ್ರದಲ್ಲಿ ಹಿಡಿದಿದೆ. ಮಲಯಾಳದಲ್ಲಿ ‘ಇಂಚೋಡಿಂಚ್ ಪೋರಾಟ್ಟಂ’ ಎನ್ನುತ್ತಾರೆ. ಇಂಚಿಗೆ ಇಂಚು ನಡೆಯುವ ಹೋರಾಟವೆಂದರ್ಥ. ಅಲ್ಲಿ ಅಳತೆಗೋಲು ಕತ್ತಲ್ಲ, ಇಂಚು. ತೆಲುಗಿನಲ್ಲಿ ‘ನುವ್ವಾ ನೇನಾ’ ಎನ್ನುತ್ತಾರೆ. ನೀನೋ ನಾನೋ ಎಂಬ ಸವಾಲಿನ ರೂಪ. ತಮಿಳಿನ ‘ಇಳುಪರಿ’ ಎಂಬ ಮಾತು ಎಳೆದಾಟದ ಚಿತ್ರವನ್ನು ಕೊಟ್ಟು, ತೀರ್ಮಾನವಾಗದ ಸ್ಥಿತಿಯನ್ನು ಸೂಚಿಸುತ್ತದೆ. ಮರಾಠಿಯಲ್ಲಿ ‘ಅಟೀತಟೀಚೀ ಲಢತ್’ ಎಂದೂ ‘ಚುರಶೀಚೀ ಲಢತ್’ ಎಂದೂ ಹೇಳುತ್ತಾರೆ.

ತಮ್ಮ ಊರಿನ ಪತ್ರಿಕೆಯಲ್ಲಿ ಈ ಮಾತು ಬಂದಿರುವ ಶೀರ್ಷಿಕೆಯನ್ನು ಕತ್ತರಿಸಿ ತರುವಂತೆ ಮಕ್ಕಳಿಗೆ ಹೇಳಬಹುದು. ನಾಲ್ಕು ಭಾಷೆಗಳು ನಾಲ್ಕು ಚಿತ್ರಗಳಲ್ಲಿ ಒಂದೇ ಅರ್ಥವನ್ನು ಹೇಳುತ್ತಿವೆ ಎಂಬುದನ್ನು ಕಂಡ ಮಗು, ನುಡಿಗಟ್ಟನ್ನು ಪದಶಃ ಅನುವಾದಿಸಲಾಗದು ಎಂಬ ನಿಯಮವನ್ನು ಶಿಕ್ಷಕರು ಹೇಳದೆಯೇ ಕಂಡುಕೊಳ್ಳುತ್ತದೆ.

ತರಗತಿಯ ಚಟುವಟಿಕೆ

ಚಟುವಟಿಕೆಗೆ ಆಟದ ಮೈದಾನ ಸಾಕು. ಓಟದಲ್ಲಿ ಸಮಾನ ಸಾಮರ್ಥ್ಯವಿರುವ ಇಬ್ಬರು ವಿದ್ಯಾರ್ಥಿಗಳನ್ನು ಆರಿಸಬೇಕು. ಉಳಿದವರನ್ನು ಮೂರು ಗುಂಪು ಮಾಡಿ, ಒಂದನ್ನು ಓಟದ ಹಾದಿಯ ಮೊದಲ ಭಾಗದಲ್ಲಿ, ಇನ್ನೊಂದನ್ನು ನಡುವೆ, ಮೂರನೆಯದನ್ನು ಮುಕ್ತಾಯದ ಗೆರೆಯ ನೇರಕ್ಕೆ ನಿಲ್ಲಿಸಬೇಕು. ಓಟಗಾರರು ತಮ್ಮನ್ನು ದಾಟಿಹೋದ ಗಳಿಗೆಯಲ್ಲಿ ಕಂಡದ್ದನ್ನು ಪ್ರತಿಯೊಂದು ಗುಂಪೂ ಒಂದೇ ವಾಕ್ಯದಲ್ಲಿ ಬರೆಯಬೇಕು.

ತರಗತಿಗೆ ಮರಳಿದ ಮೇಲೆ ಮೂರು ವಾಕ್ಯಗಳನ್ನೂ ಕಪ್ಪುಹಲಗೆಯ ಮೇಲೆ ಬರೆಸಬೇಕು. ಮೊದಲೆರಡು ಗುಂಪುಗಳ ವಾಕ್ಯಗಳಲ್ಲಿ ‘ಓಡುತ್ತಿದ್ದಾರೆ’, ‘ಓಡುತ್ತಿದ್ದರು’ ಎಂಬ ರೂಪಗಳು ತಾವಾಗಿ ಬಂದಿರುತ್ತವೆ. ಮೂರನೆಯ ಗುಂಪಿನದರಲ್ಲಿ ‘ಗೆದ್ದಳು’, ‘ಮೊದಲು ಮುಟ್ಟಿದನು’ ಎಂಬ ರೂಪ ಬಂದಿರುತ್ತದೆ. ಮೊದಲೆರಡರ ಪೈಕಿ ಯಾವುದಕ್ಕೆ ‘ನೆಕ್ ಅಂಡ್ ನೆಕ್’ ಒಪ್ಪುತ್ತದೆ, ಮೂರನೆಯದಕ್ಕೆ ಏಕೆ ಒಪ್ಪುವುದಿಲ್ಲ ಎಂದು ಮಕ್ಕಳೇ ಚರ್ಚಿಸಲಿ.

ಈ ಸಂದರ್ಭದಲ್ಲಿ ಮಕ್ಕಳಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದಿದೆ. ಕುದುರೆಯ ಗೆಲುವನ್ನು ಮೂಗು ತೀರ್ಮಾನಿಸುತ್ತದೆ. ಮನುಷ್ಯರ ಓಟದ ನಿಯಮ ಹಾಗಲ್ಲ: ಗೆರೆಯನ್ನು ಮೊದಲು ದಾಟಬೇಕಾದದ್ದು ಮುಂಡ. ತಲೆ, ಕತ್ತು, ಕೈ, ಕಾಲುಗಳು ಲೆಕ್ಕಕ್ಕಿಲ್ಲ. ಅಂದರೆ ಮನುಷ್ಯರ ಪಂದ್ಯಕ್ಕೆ ನಾವು ಕತ್ತಿನ ನುಡಿಗಟ್ಟನ್ನು ಬಳಸುತ್ತೇವೆ, ಆದರೆ ಅಲ್ಲಿ ಕತ್ತಿಗೆ ಬೆಲೆಯೇ ಇಲ್ಲ. ಹುಟ್ಟಿದ ಮೈದಾನವನ್ನು ಬಿಟ್ಟು ಹೊರಬಂದ ನುಡಿಗಟ್ಟು ತನ್ನ ಮೂಲಾರ್ಥವನ್ನು ಕಳಚಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯದು.

ಆಯಾ ಪ್ರದೇಶದ ಪಂದ್ಯಗಳನ್ನೂ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾಸರಗೋಡಿನ ಮಕ್ಕಳಿಗೆ ಜೋಡುಕರೆ ಕಂಬಳದ ಪರಿಚಯವಿರುತ್ತದೆ. ಎರಡು ಕರೆಗಳಲ್ಲಿ ಎರಡು ಜೋಡಿ ಕೋಣಗಳು ಏಕಕಾಲಕ್ಕೆ ಓಡುವ ನೋಟ ಈ ನುಡಿಗಟ್ಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಚಿಮ್ಮಿದ ನೀರಿನ ಎತ್ತರವನ್ನು ನೋಡುವ ಕನೆಹಲಗೆ ವಿಭಾಗಕ್ಕೆ ಅದು ಸಲ್ಲದು, ಅಲ್ಲಿ ಯಾರು ಮುಂದೆ ಎಂಬ ಪ್ರಶ್ನೆಯಿಲ್ಲ. ಏಕೆ ಸಲ್ಲದೆಂದು ಮಕ್ಕಳನ್ನೇ ಕೇಳಿರಿ. ಸೊಲ್ಲಾಪುರ, ಜತ್ತ ಭಾಗದವರು ಎತ್ತಿನ ಗಾಡಿಯ ಶರ್ಯತ್ತನ್ನೂ ನೀಲಗಿರಿಯವರು ಉದಕಮಂಡಲದಲ್ಲಿ ನಡೆಯುತ್ತಿದ್ದ ಕುದುರೆ ಪಂದ್ಯವನ್ನೂ ನೆನಪಿಸಬಹುದು.

ಅಭ್ಯಾಸ

ಕೆಳಗಿನ ಸಂದರ್ಭಗಳಲ್ಲಿ ‘ನೆಕ್ ಅಂಡ್ ನೆಕ್’ ಸಲ್ಲುತ್ತದೆಯೇ? ಸಲ್ಲದಿದ್ದರೆ ಏಕೆ? ತಕ್ಕ ಕನ್ನಡ ಮಾತನ್ನು ಬರೆಯಿರಿ.

1. ಮತ ಎಣಿಕೆ ನಡೆಯುತ್ತಿದೆ. ಒಂದೊಂದು ಸುತ್ತಿಗೂ ಮುಂದಿರುವವರು ಬದಲಾಗುತ್ತಿದ್ದಾರೆ.
2. ಅವಳಿ ಸಹೋದರಿಯರಿಬ್ಬರ ಎತ್ತರವೂ ಒಂದೇ.
3. ಊರಿನವರೆಲ್ಲ ಕೂಡಿ ಕೆರೆಯ ಹೂಳೆತ್ತಿದರು.
4. ಕಬಡ್ಡಿ ಪಂದ್ಯದಲ್ಲಿ ನಮ್ಮ ಶಾಲೆ 30 ಅಂಕಗಳ ಅಂತರದಿಂದ ಗೆದ್ದಿತು.
5. ಇಬ್ಬರು ವಿದ್ಯಾರ್ಥಿನಿಯರು ಎಲ್ಲ ಕಿರುಪರೀಕ್ಷೆಗಳಲ್ಲಿಯೂ ಒಂದೆರಡು ಅಂಕಗಳ ಅಂತರದಲ್ಲಿದ್ದಾರೆ; ವಾರ್ಷಿಕ ಪರೀಕ್ಷೆ ಇನ್ನೂ ಆಗಿಲ್ಲ.
6. ಓಟ ಮುಗಿದಿದೆ; ಗೆದ್ದವಳು ಅರ್ಧ ಹೆಜ್ಜೆಯಷ್ಟು ಮುಂದಿದ್ದಳು.
7. ಇಬ್ಬರೂ ಒಟ್ಟಿಗೆ ಗೆರೆ ಮುಟ್ಟಿದರು. ತೀರ್ಪುಗಾರರು ಇಬ್ಬರಿಗೂ ಪ್ರಥಮ ಬಹುಮಾನ ಕೊಟ್ಟರು.

ಉತ್ತರ ಸೂಚಿ

1. ಸಲ್ಲುತ್ತದೆ: ಸಮಬಲದ ಹೋರಾಟ, ನಿಕಟ ಪೈಪೋಟಿ. 2. ಸಲ್ಲದು, ಸ್ಪರ್ಧೆಯಿಲ್ಲ: ಸರಿಸಮ ಎತ್ತರ. 3. ಸಲ್ಲದು, ಇದು ಸಹಕಾರ: ಹೆಗಲಿಗೆ ಹೆಗಲು ಕೊಟ್ಟು. 4. ಸಲ್ಲದು, ಅಂತರ ದೊಡ್ಡದು: ನಿರಾಯಾಸ ಗೆಲುವು. 5. ಸಲ್ಲುತ್ತದೆ, ಫಲಿತಾಂಶ ಬಾಕಿಯಿದೆ: ನಿಕಟ ಪೈಪೋಟಿ. 6. ಗೆಲುವಿಗೆ ಸಲ್ಲದು: ಕೂದಲೆಳೆಯ ಅಂತರ. ಗೆರೆಗೆ ಮೊದಲಿನ ಓಟವನ್ನು ವರ್ಣಿಸಿದರೆ ಸಲ್ಲುತ್ತದೆ. ಈ ಕಾರಣವನ್ನು ಕೊಟ್ಟ ಮಗುವಿಗೆ ಪೂರ್ಣ ಅಂಕ ಕೊಡಬೇಕು. 7. ಫಲಿತಾಂಶವನ್ನು ಹೇಳಲು ‘ಡೆಡ್ ಹೀಟ್’ ಖಚಿತವಾದ ಮಾತು: ಸಮ ಸಮ ಮುಕ್ತಾಯ.

ಶಿಕ್ಷಕರ ಗಮನಕ್ಕೆ

ಮೌಲ್ಯಮಾಪನದಲ್ಲಿ ಮಗು ಆರಿಸಿದ ಮಾತಿಗಿಂತ ಅದು ಕೊಟ್ಟ ಕಾರಣಕ್ಕೆ ಹೆಚ್ಚಿನ ಬೆಲೆ ಕೊಡಬೇಕು. ‘ತುರುಸಿನ ಸ್ಪರ್ಧೆ’ ಎಂದು ಬರೆದು, ‘ಯಾರು ಗೆಲ್ಲುತ್ತಾರೆಂದು ಇನ್ನೂ ತಿಳಿಯದು’ ಎಂದು ಕಾರಣ ಕೊಟ್ಟ ಮಗು ಪಾಠವನ್ನು ಗ್ರಹಿಸಿದೆ. ‘ಸಮಬಲದ ಹೋರಾಟ’ ಎಂದು ಕಂಠಪಾಠದಿಂದ ಬರೆದು ಕಾರಣ ಹೇಳಲಾಗದ ಮಗುವಿಗೆ ಮೈದಾನದ ಚಟುವಟಿಕೆಯನ್ನು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.

ಪೀಠಿಕೆಯಲ್ಲಿ ಹೇಳಿದ ಆ ಇಬ್ಬರು ವಿದ್ಯಾರ್ಥಿಗಳನ್ನು ಮರುದಿನ ನಾನು ಮೈದಾನಕ್ಕೆ ಕರೆದೊಯ್ದೆ. ಇಬ್ಬರನ್ನೂ ಓಡಿಸಿ, ತರಗತಿಯನ್ನು ಪಕ್ಕದಲ್ಲಿ ನಿಲ್ಲಿಸಿದೆ. ಓಟ ಮುಗಿದ ಮೇಲೆ ಅದೇ ವಾಕ್ಯವನ್ನು ಮತ್ತೆ ಬರೆಯಲು ಹೇಳಿದೆ. ‘ಕುತ್ತಿಗೆಗೂ ಬಂದಿತ್ತು’ ಎಂದು ಬರೆದಿದ್ದವಳು ಈ ಸಲ ‘ಗೆರೆ ಮುಟ್ಟುವವರೆಗೂ ಯಾರು ಮುಂದೆಂದು ಹೇಳುವಂತಿರಲಿಲ್ಲ’ ಎಂದು ಬರೆದಳು. ಅದರಲ್ಲಿ ಕುತ್ತಿಗೆಯೂ ಇಲ್ಲ, ನುಡಿಗಟ್ಟೂ ಇಲ್ಲ. ಅರ್ಥ ಮಾತ್ರ ಪೂರ್ಣವಾಗಿತ್ತು. ಅವಳಿಗೆ ಪೂರ್ಣ ಅಂಕ ಕೊಟ್ಟೆ.